ಫೈಬರ್‌ಗೂ ಒಬ್ಬ ನೀರುಗಂಟಿ ಬೇಕು: ಗ್ರಾಮೀಣಾಭಿವೃದ್ಧಿ ಸಚಿವರಿಗೆ ಒಂದು ಬಹಿರಂಗ ಪತ್ರ

ಗೆ,
ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಹಾಗೂ ಐಟಿ-ಬಿಟಿ ಸಚಿವರು,
ಕರ್ನಾಟಕ ಸರ್ಕಾರ,
ಬೆಂಗಳೂರು.

ಮಾನ್ಯರೇ, ನಮಸ್ಕಾರ.

ಹಳ್ಳಿಗೆ ಇಂಟರ್‌ನೆಟ್ ಬೇಕು ಎಂದು ಕೇಳಲು ಈ ಪತ್ರ ಬರೆಯುತ್ತಿಲ್ಲ. ಹಾಗೆ ಕೇಳಿದವರೂ ಇದ್ದಾರೆ, ಕೊಡುತ್ತೇವೆ ಎಂದವರೂ ಬೇಕಾದಷ್ಟು ಇದ್ದಾರೆ. ನನ್ನದು ಅದಕ್ಕಿಂತ ಚಿಕ್ಕ ಬೇಡಿಕೆ. ಗಾಜಿನ ಎಳೆಯೊಳಗೆ ಬೆಳಕಾಗಿ ಇಂಟರ್‌ನೆಟ್ ತರುವ, ಈಗಾಗಲೇ ಪಂಚಾಯಿತಿ ಬಾಗಿಲಿನವರೆಗೆ ಬಂದಿರುವ ಫೈಬರ್ ಕೇಬಲ್ ದಿನಾ ಕೆಲಸ ಮಾಡುವಂತೆ ನೋಡಿಕೊಳ್ಳಲು ಹೋಬಳಿಗೊಂದು ಪುಟ್ಟ ತಂಡ ಕೊಡಿ. ಎಷ್ಟು ಕಿಲೋಮೀಟರ್ ಕೇಬಲ್ ಎಳೆದೆವು ಅನ್ನುವ ಲೆಕ್ಕ ಕೇಳಿ ಕೇಳಿ ಸಾಕಾಗಿದೆ. ಆ ಕೇಬಲ್ ತಿಂಗಳಲ್ಲಿ ಎಷ್ಟು ಗಂಟೆ ನಡೆಯಿತು ಅನ್ನುವ ಲೆಕ್ಕವನ್ನು ಊರಿನವರ ಮುಂದೆ ಇಡಿ.

ಟೆಲಿಕಾಂ ಕೇಂದ್ರದ ವಿಷಯ, ದೆಹಲಿಗೆ ಬರೆಯಪ್ಪ ಎಂದು ಯಾರಾದರೂ ಹೇಳಬಹುದು. ಅದು ಗೊತ್ತು. ಆದರೆ ಕೇಬಲ್ ಹೋಗುವ ಹಳ್ಳಿ ರಸ್ತೆಯ ಬದಿ ನಿಮ್ಮದು. ಅದನ್ನು ಅಗೆಯುವ ಜೆಸಿಬಿಗೆ ಬಹಳ ಸಲ ಬಿಲ್ ಕೊಡುವುದು ನಿಮ್ಮ ಇಲಾಖೆ. ಕೇಬಲ್ ಬಂದು ನಿಲ್ಲುವ ಪಂಚಾಯಿತಿ ಕಟ್ಟಡ ನಿಮ್ಮದು, ಊರಿನ ಗ್ರಂಥಾಲಯವೂ ನಿಮ್ಮದೇ. ಮೇಲಾಗಿ ಗ್ರಾಮೀಣಾಭಿವೃದ್ಧಿ ಮತ್ತು ಐಟಿ-ಬಿಟಿ ಎರಡೂ ಖಾತೆ ಒಬ್ಬರ ಕೈಯಲ್ಲೇ ಇರುವುದು ಪದೇ ಪದೇ ಬರುವ ಯೋಗವಲ್ಲ. ಒಂದು ಇಲಾಖೆಯ ಫೈಲ್ ಇನ್ನೊಂದಕ್ಕೆ ಹೋಗಿ ಕೂತಿದೆ ಅನ್ನುವ ನೆಪವಾದರೂ ಈಗ ಇಲ್ಲ, ಅಲ್ವಾ?

ನಾನು ಪಾವಗಡ ತಾಲೂಕಿನವನು. ಬೆಂಗಳೂರಿನಲ್ಲಿ, ಪೀಣ್ಯದ ಸುತ್ತಮುತ್ತ, ನೆಟ್‌ವರ್ಕ್ ಕೆಲಸ ಮಾಡುತ್ತೇನೆ. ಫ್ಯಾಕ್ಟರಿ, ಆಫೀಸು, ಅಪಾರ್ಟ್‌ಮೆಂಟುಗಳಿಗೆ ಫೈಬರ್ ಎಳೆಯುವುದು, ತುಂಡಾದರೆ ಜೋಡಿಸುವುದು ನಮ್ಮ ಹೊಟ್ಟೆಪಾಡು. ಹಾಗಾಗಿ ಈ ಪತ್ರದಲ್ಲಿ ಕೆಲಸದ ಮಾತು ಸ್ವಲ್ಪ ಜಾಸ್ತಿ ಬರುತ್ತದೆ. ಸಹಿಸಿಕೊಳ್ಳಿ.

ಯೋಜನೆಯ ಕಥೆ ನಿಮಗೆ ಗೊತ್ತಿರುವುದೇ. ಓದುವ ಉಳಿದವರಿಗಾಗಿ ಒಂದಿಷ್ಟು ಹೇಳುತ್ತೇನೆ. 2011ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟ ‘ನ್ಯಾಷನಲ್ ಆಪ್ಟಿಕಲ್ ಫೈಬರ್ ನೆಟ್‌ವರ್ಕ್’ ಯೋಜನೆಗೆ ಒಪ್ಪಿಗೆ ಕೊಟ್ಟಿತು. ದೇಶದ ಸುಮಾರು ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಮುಟ್ಟಿಸಿ, ಒಂದೊಂದಕ್ಕೂ 100 ಎಂಬಿಪಿಎಸ್ ವೇಗ ಕೊಡುವುದು ಗುರಿ. ಎರಡು ವರ್ಷದಲ್ಲಿ ಮುಗಿಸುವ ಮಾತಿತ್ತು. ಮುಗಿಯಲಿಲ್ಲ. 2015ರಲ್ಲಿ ಹೆಸರು ಭಾರತ್‌ನೆಟ್ ಆಯಿತು. ಒಂದು ಲಕ್ಷ ಪಂಚಾಯಿತಿಗಳ ಮೊದಲ ಹಂತ ಮುಗಿಯುವ ಹೊತ್ತಿಗೆ 2017ರ ಡಿಸೆಂಬರ್ ಬಂದಿತ್ತು. 2021ರಲ್ಲಿ ಕರ್ನಾಟಕವೂ ಸೇರಿ 16 ರಾಜ್ಯಗಳ ಎಲ್ಲ ಹಳ್ಳಿಗಳಿಗೂ ಖಾಸಗಿಯವರ ಜೊತೆ ಸೇರಿ ಒಯ್ಯುತ್ತೇವೆ, 19,041 ಕೋಟಿ ರೂಪಾಯಿ ನೆರವು ಕೊಡುತ್ತೇವೆ ಎಂದರು. ಟೆಂಡರ್ ಕರೆದರೆ ಕಂಪನಿಗಳೇ ಬರಲಿಲ್ಲ. ಆಮೇಲೆ 2023ರ ಆಗಸ್ಟ್‌ನಲ್ಲಿ ತಿದ್ದುಪಡಿ ಮಾಡಿದ ಯೋಜನೆ ಬಂತು. ಅದರ ಮೊತ್ತ 1,39,579 ಕೋಟಿ ರೂಪಾಯಿ.

ಇದು ಯಾರೋ ದಾನ ಕೊಟ್ಟ ಹಣವಲ್ಲ. ಮೊಬೈಲ್ ಕಂಪನಿಗಳು ತಮ್ಮ ಆದಾಯದ ಶೇಕಡಾ 5ರಷ್ಟನ್ನು ಹಳ್ಳಿಗಾಡಿನ ಸೇವೆಗೆಂದು ಒಂದು ನಿಧಿಗೆ ಕಟ್ಟುತ್ತವೆ. ಮೊದಲು ಅದಕ್ಕೆ ಯೂನಿವರ್ಸಲ್ ಸರ್ವಿಸ್ ಆಬ್ಲಿಗೇಷನ್ ಫಂಡ್ ಎಂದು ಹೆಸರಿತ್ತು, ಈಗ ಡಿಜಿಟಲ್ ಭಾರತ್ ನಿಧಿ. ನಮ್ಮವ್ವ ತಿಂಗಳಿಗೊಮ್ಮೆ ಹಾಕಿಸುವ ರೀಚಾರ್ಜ್‌ನಲ್ಲೂ ಅದರ ಪಾಲಿದೆ.

ಈಗ ಪಂಚಾಯಿತಿ ಆಫೀಸಿನೊಳಗೆ ಬನ್ನಿ. ಮೂಲೆಯಲ್ಲಿ ಗೋಡೆಗೆ ಹೊಡೆದ ಒಂದು ರ‍್ಯಾಕ್. ಒಳಗೆ ಫೈಬರ್‌ನ ಬೆಳಕನ್ನು ಕಂಪ್ಯೂಟರ್‌ಗೆ ಇಂಟರ್‌ನೆಟ್ ಆಗಿ ಕೊಡುವ ಒಎನ್‌ಟಿ ಅನ್ನುವ ಪೆಟ್ಟಿಗೆ, ಒಂದು ಬ್ಯಾಟರಿ. ಮಾಳಿಗೆ ಮೇಲೆ ಚಿಕ್ಕ ಸೋಲಾರ್ ಪ್ಯಾನೆಲ್. ಪೆಟ್ಟಿಗೆಯಲ್ಲಿ ಹಸಿರು ದೀಪ ಉರಿದರೆ ಬೆಳಕು ಬರುತ್ತಿದೆ ಎಂದು ಅರ್ಥ, ಕೆಂಪು ದೀಪ ಉರಿದರೆ ದಾರಿಯಲ್ಲಿ ಎಲ್ಲೋ ಕೇಬಲ್ ತುಂಡಾಗಿದೆ. ನಾನು ಊರಿಗೆ ಹೋದಾಗಲೆಲ್ಲ ನಮ್ಮ ಪಂಚಾಯಿತಿಯಲ್ಲಿ ಆ ಪೆಟ್ಟಿಗೆ ನೋಡುತ್ತೇನೆ. ಚಾಳಿ, ಏನು ಮಾಡೋದು. ಹೆಚ್ಚಿನ ಸಲ ಕೆಂಪು. ಕೆಲವು ಸಲ ಯಾವ ದೀಪವೂ ಇಲ್ಲ, ಬ್ಯಾಟರಿಯೇ ಹೋಗಿರುತ್ತದೆ. ಪಿಡಿಒ ತಮ್ಮ ಮೊಬೈಲ್‌ನ ಹಾಟ್‌ಸ್ಪಾಟ್ ಆನ್ ಮಾಡಿ, ಕಿಟಕಿ ಪಕ್ಕ ಇಟ್ಟು, ಕಂಪ್ಯೂಟರ್ ಆಪರೇಟರ್ ಕೈಲಿ ಕೆಲಸ ಮಾಡಿಸುತ್ತಾರೆ. ದುಡ್ಡು ಅವರ ಜೇಬಿನದು. ಕೇಳಿದರೆ ‘ಕಂಪ್ಲೇಂಟ್ ಕೊಟ್ಟಿದ್ದೀವಿ ಸಾರ್, ಬರ್ತಾರೆ’ ಅನ್ನುತ್ತಾರೆ. ಯಾರು ಬರುತ್ತಾರೆ ಎಂದರೆ ಅವರಿಗೂ ಗೊತ್ತಿಲ್ಲ.

ಜನರಿಗೆ ಮಾತ್ರ ಸಿಗುವ ಉತ್ತರ ‘ಸರ್ವರ್ ಡೌನ್’. ಇ-ಸ್ವತ್ತಿಗೆ ಹೋದರೂ ಅದೇ, ಪಿಂಚಣಿ ವಿಚಾರಿಸಲು ಹೋದರೂ ಅದೇ. ಎಷ್ಟೋ ಸಲ ಬೆಂಗಳೂರಿನ ಸರ್ವರ್ ತಣ್ಣಗೆ ಕೆಲಸ ಮಾಡುತ್ತಲೇ ಇರುತ್ತದೆ. ತುಂಡಾಗಿರುವುದು ಊರಾಚೆಯ ಮೋರಿ ಪಕ್ಕದ ಕೇಬಲ್.

ಇದನ್ನು ಸರಿಮಾಡುವುದು ದೊಡ್ಡ ವಿದ್ಯೆ ಏನೂ ಅಲ್ಲ. ತಾಲೂಕು ಕೇಂದ್ರದ ಎಕ್ಸ್‌ಚೇಂಜ್‌ನಲ್ಲಿ ಒಎಲ್‌ಟಿ ಅನ್ನುವ ಯಂತ್ರವಿರುತ್ತದೆ. ಅಲ್ಲಿಂದ ಹೊರಟ ಬೆಳಕು ಸುಮಾರು 20 ಕಿಲೋಮೀಟರ್‌ವರೆಗೆ ನಡುವೆ ಎಲ್ಲೂ ಕರೆಂಟ್ ಬೇಡದೆ ಸಾಗುತ್ತದೆ. ಒಂದು ಫೈಬರ್ ಎಳೆಯನ್ನು ಸ್ಪ್ಲಿಟರ್ ಹಾಕಿ 32 ಅಥವಾ 64 ಕಡೆಗೆ ಹಂಚಬಹುದು. ಎಲ್ಲರಿಗೂ ಸೇರಿ ಸುಮಾರು ಎರಡೂವರೆ ಜಿಬಿಪಿಎಸ್ ವೇಗ ಸಿಗುತ್ತದೆ. ಗಾಜಿನ ಎಳೆಯ ದಪ್ಪ 125 ಮೈಕ್ರಾನ್, ಬೆಳಕು ಓಡಾಡುವ ಒಳಗಿನ ತಿರುಳು ಬರೀ 9 ಮೈಕ್ರಾನ್ ಆಸುಪಾಸು. ತುಂಡಾದರೆ ಒಟಿಡಿಆರ್ ಅನ್ನುವ ಉಪಕರಣ ಹಚ್ಚುತ್ತೇವೆ. ಅದು ಬೆಳಕಿನ ಒಂದು ಮಿಡಿತ ಕಳಿಸಿ, ಅದು ವಾಪಸ್ ಬಂದ ಹೊತ್ತು ನೋಡಿ, ಎಷ್ಟು ಮೀಟರ್ ದೂರದಲ್ಲಿ ತುಂಡಾಗಿದೆ ಎಂದು ಹೇಳುತ್ತದೆ. ಅಲ್ಲಿಗೆ ಹೋಗಿ, ಅಗೆದು, ಎರಡೂ ತುದಿ ಹೆರೆದು, ಸ್ಪ್ಲೈಸಿಂಗ್ ಮೆಷಿನ್‌ನಲ್ಲಿ ಇಟ್ಟರೆ ಕಿಡಿ ಹಾರಿಸಿ ಗಾಜಿಗೆ ಗಾಜು ಬೆಸೆಯುತ್ತದೆ. ಒಂದು ಎಳೆ ಬೆಸೆಯಲು ಒಂದೆರಡು ನಿಮಿಷ. 24 ಎಳೆಯ ಕೇಬಲ್ ಆದರೂ ಜಾಗ ಸಿಕ್ಕ ಮೇಲೆ ಅರ್ಧ ದಿನದ ಕೆಲಸ. ಐಟಿಐ ಓದಿದ ಹುಡುಗ ಕೆಲವೇ ವಾರಗಳಲ್ಲಿ ಕಲಿತುಬಿಡುತ್ತಾನೆ. ನಮ್ಮ ಜೊತೆ ಕೆಲಸ ಮಾಡುವವರಲ್ಲಿ ಎಸ್ಸೆಸ್ಸೆಲ್ಸಿ ಫೇಲಾದವರೂ ಇದ್ದಾರೆ. ಅವರ ಕೈ ಇಂಜಿನಿಯರುಗಳ ಕೈಗಿಂತ ನಯ.

ಅರ್ಧ ದಿನದ ಕೆಲಸಕ್ಕೆ ತಿಂಗಳುಗಟ್ಟಲೆ ಏಕೆ ಬೇಕು? ಬೆಸೆಯುವವನು ಊರಿನಲ್ಲಿಲ್ಲ. ಅವನನ್ನು ಕಳಿಸುವ ಅಧಿಕಾರ ಪಂಚಾಯಿತಿಗಿಲ್ಲ. ಅವನ ಕೂಲಿ ಯಾವ ಲೆಕ್ಕದಲ್ಲಿ ಕೊಡಬೇಕು ಎಂದು ಯಾರಿಗೂ ಸ್ಪಷ್ಟವಿಲ್ಲ. ಕೇಬಲ್ ಒಬ್ಬರದು, ಪೆಟ್ಟಿಗೆ ಇನ್ನೊಬ್ಬರದು, ಬ್ಯಾಟರಿ ಮತ್ತೊಬ್ಬರದು, ರಸ್ತೆ ಮಗದೊಬ್ಬರದು. ನಮ್ಮೂರ ಕೇಸಿನಲ್ಲಿ ಒಬ್ಬ ಗುತ್ತಿಗೆದಾರ ನನ್ನ ಮುಂದೆಯೇ ಹೇಳಿದ್ದು: ‘ಅಣ್ಣಾ, ಹಳೇ ಬಿಲ್ಲೇ ಬಂದಿಲ್ಲ, ಯಾವ ಧೈರ್ಯದ ಮೇಲೆ ಹುಡುಗರನ್ನ ಕಳಿಸ್ಲಿ?’ ಅವನ ಮಾತಿನಲ್ಲಿ ನನಗೆ ತಪ್ಪು ಕಾಣಲಿಲ್ಲ.

ಮೊದಲ ಹಂತದ ವಿನ್ಯಾಸವೇ ಒಂದು ತೊಂದರೆ. ತಾಲೂಕಿನಿಂದ ಪಂಚಾಯಿತಿವರೆಗೆ ಪೂರ್ತಿ ಹೊಸ ಕೇಬಲ್ ಹಾಕಲಿಲ್ಲ. ಮೊದಲೇ ನೆಲದಲ್ಲಿದ್ದ ಹಳೆಯ ಫೈಬರ್ ಎಲ್ಲಿವರೆಗೆ ಇತ್ತೋ ಅಲ್ಲಿವರೆಗೆ ಅದನ್ನೇ ಬಳಸಿ, ಅಲ್ಲಿಂದ ಮುಂದಿನ ತುಂಡು ಮಾತ್ರ ಹೊಸದು ಹಾಕಿದರು. ಖರ್ಚು ಉಳಿಯಿತು, ಸರಿ. ಆದರೆ ವರ್ಷಗಟ್ಟಲೆ ಅಗೆಸಿಕೊಂಡು, ಬೆಸೆಸಿಕೊಂಡು ಬಳಲಿದ ಹಳೆ ಕೇಬಲ್ ಮೇಲೆ ಹೊಸ ಯೋಜನೆಯ ಭಾರ ಬಿತ್ತು. ಅದೂ ಒಂದೇ ದಾರಿ. ನಡುವೆ ಒಂದು ಕಡೆ ತುಂಡಾದರೆ ಅಲ್ಲಿಂದ ಆಚೆಗಿನ ಪಂಚಾಯಿತಿಗಳೆಲ್ಲ ಕತ್ತಲೆ. ಕೇಬಲನ್ನು ಉಂಗುರದ ಹಾಗೆ ಸುತ್ತಿಸಿ, ಒಂದು ಕಡೆ ತುಂಡಾದರೆ ಇನ್ನೊಂದು ಕಡೆಯಿಂದ ಬರುವಂತೆ ಮಾಡಿ ಎಂದು 2015ರಲ್ಲೇ ಕೇಂದ್ರದ ಸಮಿತಿ ಹೇಳಿತ್ತು. 2023ರ ಯೋಜನೆಯಲ್ಲಿ ಆ ‘ರಿಂಗ್’ ಬಂದಿದೆ. ಒಳ್ಳೆಯದೇ. ತಡವಾದರೂ ಬಂತಲ್ಲ.

ಆದರೆ ರಿಂಗ್‌ನಲ್ಲೂ ಒಂದು ಹಳ್ಳ ಇದೆ, ಅದನ್ನು ನಿಮ್ಮ ಅಧಿಕಾರಿಗಳಿಗೆ ಈಗಲೇ ಹೇಳಿ. ಒಂದು ಕಡೆ ತುಂಡಾದಾಗ ಪಂಚಾಯಿತಿಯಲ್ಲಿ ಯಾರಿಗೂ ಗೊತ್ತೇ ಆಗುವುದಿಲ್ಲ, ನೆಟ್ ಬರುತ್ತಲೇ ಇರುತ್ತದೆ. ಗೊತ್ತಾಗದ್ದನ್ನು ಯಾರೂ ರಿಪೇರಿ ಮಾಡುವುದಿಲ್ಲ. ಎರಡನೇ ಕಡೆಯೂ ತುಂಡಾದ ದಿನ ಎಲ್ಲರೂ ಒಟ್ಟಿಗೆ ಎದ್ದು ಕೂರುತ್ತಾರೆ. ಬೆಂಗಳೂರಿನ ದೊಡ್ಡ ದೊಡ್ಡ ಕ್ಯಾಂಪಸ್‌ಗಳಲ್ಲೇ ಇದನ್ನು ನೋಡಿದ್ದೇವೆ. ಮೊದಲ ತುಂಡನ್ನು ಅದೇ ವಾರ ಸರಿಮಾಡಿದರೆ ಮಾತ್ರ ರಿಂಗ್ ಹಾಕಿದ್ದಕ್ಕೆ ಬೆಲೆ.

ಕೇಬಲ್ ತುಂಡಾಗುವುದು ಹೇಗೆ? ಇಲಿ ಕಡಿಯುತ್ತದೆ, ಹೊಲದ ಬದು ಸರಿಮಾಡುವಾಗ ಗುದ್ದಲಿ ತಾಗುತ್ತದೆ, ಕೆಲವು ಕಡೆ ಒಳಗೆ ತಾಮ್ರ ಇದೆ ಎಂದುಕೊಂಡು ಕೊಯ್ದು ನೋಡುವವರೂ ಇದ್ದಾರೆ. ಆದರೆ ನಾನು ನೋಡಿದ್ದರಲ್ಲಿ ಹೆಚ್ಚಿನ ಹಾನಿ ಜೆಸಿಬಿಯದು. ಆ ಜೆಸಿಬಿ ಸರ್ಕಾರಿ ಕೆಲಸಕ್ಕೇ ಬಂದಿರುತ್ತದೆ. ಜಲ ಜೀವನ್ ಮಿಷನ್, ನಮ್ಮಲ್ಲಿ ‘ಮನೆ ಮನೆಗೆ ಗಂಗೆ’, ಶುರುವಾದ ಮೇಲೆ ಊರೂರಲ್ಲಿ ಪೈಪಿಗಾಗಿ ಅಗೆದರು. ನೀರು ಬರಲಿ, ಬರಲೇಬೇಕು. ಪಾವಗಡದವನಿಗೆ ನೀರಿನ ಬೆಲೆ ಹೇಳಿಕೊಡಬೇಕಾಗಿಲ್ಲ. ಆದರೆ ಒಂದು ಕೈಯಲ್ಲಿ ಕೊಟ್ಟಿದ್ದನ್ನು ಇನ್ನೊಂದು ಕೈ ಕಿತ್ತುಕೊಳ್ಳುವುದು ಯಾಕೆ?

ನಿಯಮದ ಪ್ರಕಾರ ಫೈಬರ್ 165 ಸೆಂಟಿಮೀಟರ್ ಆಳದಲ್ಲಿರಬೇಕು, ಹತ್ತಿರ ಹತ್ತಿರ ಐದೂವರೆ ಅಡಿ. ನಮ್ಮ ಕಡೆ ಎರಡಡಿ ಅಗೆದರೆ ಬಂಡೆ. ಬಂಡೆ ಸಿಕ್ಕರೆ ಅದನ್ನು ಕೊರೆಯಬೇಕು, ಇಲ್ಲವೇ ಕಬ್ಬಿಣದ ಪೈಪಿನೊಳಗೆ ಹಾಕಿ ಮೇಲೆ ಕಾಂಕ್ರೀಟ್ ಹೊದಿಸಬೇಕು. ಹಾಗೆ ಮಾಡಿದ ಕಡೆ ಕೇಬಲ್ ಉಳಿದಿದೆ. ಮೇಲೆ ಮೇಲೆ ಮಣ್ಣು ಎಳೆದು ಫೋಟೋ ತೆಗೆಸಿಕೊಂಡು ಹೋದ ಕಡೆ ಮೊದಲ ಮಳೆಗೇ ಕಪ್ಪು ಪೈಪು ಮೇಲೆದ್ದಿದೆ. ಇದನ್ನು ಕಂಡುಹಿಡಿಯಲು ತನಿಖೆ ಬೇಡ, ಟಿವಿಎಸ್ ಎಕ್ಸೆಲ್ ಹತ್ತಿ ರಸ್ತೆ ಉದ್ದಕ್ಕೂ ಹೋದರೆ ಸಾಕು.

2023ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ‘ಕಾಲ್ ಬಿಫೋರ್ ಯು ಡಿಗ್’ ಅನ್ನುವ ಆ್ಯಪ್ ತಂದಿದೆ. ಅಗೆಯುವ ಮುನ್ನ ಜಾಗ ಹಾಕಿದರೆ ಅಲ್ಲಿ ಯಾರ ಕೇಬಲ್, ಯಾರ ಪೈಪ್ ಇದೆಯೋ ಅವರಿಗೆ ಸುದ್ದಿ ಹೋಗುತ್ತದೆ. ಯೋಚನೆ ಚೆನ್ನಾಗಿದೆ. ನಮ್ಮ ಕಡೆಯ ಜೆಸಿಬಿ ಓನರ್‌ಗಳನ್ನು ಕೇಳಿ ನೋಡಿದೆ, ಒಬ್ಬರಿಗೂ ಅದರ ಹೆಸರು ಗೊತ್ತಿಲ್ಲ. ಆ್ಯಪ್‌ನಲ್ಲಿ ತಿಳಿಸಿದ ಪುರಾವೆ ಇಲ್ಲದೆ ಪಂಚಾಯಿತಿಯ ಯಾವ ಅಗೆತದ ಬಿಲ್ಲೂ ಪಾಸಾಗಬಾರದು ಎಂದು ನೀವು ಒಂದು ಸುತ್ತೋಲೆ ಹೊರಡಿಸಿದರೆ ಸಾಕು. ಬಿಲ್ಲಿಗೆ ಕುತ್ತು ಬಂದರೆ ಎಲ್ಲರೂ ಒಂದೇ ದಿನದಲ್ಲಿ ಆ್ಯಪ್ ಹಾಕಿಕೊಳ್ಳುತ್ತಾರೆ, ನೋಡಿ ಬೇಕಾದರೆ.

ಇನ್ನು ನನ್ನ ಮುಖ್ಯ ಮಾತು. ನಮ್ಮ ಪಂಚಾಯಿತಿಗಳಲ್ಲಿ ನೀರುಗಂಟಿ ಇರುತ್ತಾನೆ. ಯಾವ ಬೀದಿಗೆ ಯಾವಾಗ ನೀರು ಬಿಡಬೇಕು, ಯಾವ ವಾಲ್ವ್ ಸೋರುತ್ತದೆ, ಮೋಟಾರ್ ಸುಟ್ಟರೆ ಯಾರನ್ನು ಕರೆಯಬೇಕು, ಎಲ್ಲ ಅವನಿಗೆ ಗೊತ್ತು. ಒಂದು ದಿನ ನೀರು ಬರದಿದ್ದರೆ ಹೆಂಗಸರು ಬೆಂಗಳೂರಿಗೆ ಅರ್ಜಿ ಬರೆಯುವುದಿಲ್ಲ, ಸೀದಾ ಅವನ ಮನೆ ಮುಂದೆ ಹೋಗಿ ಕೇಳುತ್ತಾರೆ. ಅವನಿಗೆ ಸಂಬಳ ಕಡಿಮೆ, ಬೈಗುಳ ಜಾಸ್ತಿ. ಆದರೂ ಊರಿಗೆ ನೀರು ನಡೆಯುತ್ತಿರುವುದು ಅವನಿಂದ. ಫೈಬರ್‌ಗೆ ಅಂಥವನು ಇಲ್ಲ. ಕೋಟಿಗಟ್ಟಲೆ ಸುರಿದ ಜಾಲಕ್ಕೆ, ಹೋಗಿ ಕೇಳಲು ಒಂದು ಮನೆ ಬಾಗಿಲಿಲ್ಲ.

ಎಲ್ಲ ಪಂಚಾಯಿತಿಗೂ ಒಬ್ಬೊಬ್ಬರು ಬೇಡ, ಅಷ್ಟು ಕೆಲಸವೂ ಇರುವುದಿಲ್ಲ. ಹೋಬಳಿಗೆ ಇಬ್ಬರು ಸಾಕು. ಒಂದು ಬೈಕು, ಒಂದು ಸ್ಪ್ಲೈಸಿಂಗ್ ಮೆಷಿನ್, ಒಂದು ಒಟಿಡಿಆರ್, ಒಂದಷ್ಟು ಕೇಬಲ್, ಜಾಯಿಂಟ್ ಪೆಟ್ಟಿಗೆಗಳು, ಎರಡು ಬ್ಯಾಟರಿ. ಒಂದು ಕಾಲದಲ್ಲಿ ಸ್ಪ್ಲೈಸಿಂಗ್ ಮೆಷಿನ್ ಕಾರಿನ ಬೆಲೆ ಇತ್ತು, ಈಗ ಒಂದು ಒಳ್ಳೆಯ ಬೈಕಿನ ಬೆಲೆಗೆ ಸಿಗುತ್ತದೆ. ಕೆಲಸಕ್ಕೆ ಅದೇ ಹೋಬಳಿಯ ಹುಡುಗ ಹುಡುಗಿಯರನ್ನೇ ತೆಗೆದುಕೊಳ್ಳಿ. ಹುಡುಗಿಯರನ್ನು ಅಂತ ಸುಮ್ನೆ ಸೇರಿಸಿದ್ದಲ್ಲ. ಬೆಸೆಯುವ ಕೆಲಸಕ್ಕೆ ತೋಳ್ಬಲ ಬೇಡ, ತಾಳ್ಮೆ ಬೇಕು. ಸ್ತ್ರೀಶಕ್ತಿ ಸಂಘಗಳ ಮನೆಗಳಲ್ಲಿ ಡಿಪ್ಲೊಮಾ ಮುಗಿಸಿ ಕೂತ ಹೆಣ್ಣುಮಕ್ಕಳು ಎಷ್ಟು ಬೇಕು?

ತರಬೇತಿಗೆ ಹೊಸ ಕಟ್ಟಡ ಕಟ್ಟಬೇಡಿ. ಮೈಸೂರಿನಲ್ಲಿ ಅಬ್ದುಲ್ ನಜೀರ್ ಸಾಬ್ ಹೆಸರಿನ ಗ್ರಾಮೀಣಾಭಿವೃದ್ಧಿ ಸಂಸ್ಥೆ ನಿಮ್ಮ ಇಲಾಖೆಯದೇ ಇದೆ. ಪಂಚಾಯಿತಿ ಸದಸ್ಯರಿಗೆ ಅಲ್ಲಿಂದ ತರಬೇತಿ ನಡೆಯುತ್ತದೆ. ನಜೀರ್ ಸಾಬರು ಕೂತಿದ್ದ ಖಾತೆಯಲ್ಲೇ ನೀವು ಕೂತಿದ್ದೀರಿ. 1983ರಿಂದ 1988ರಲ್ಲಿ ತೀರಿಕೊಳ್ಳುವವರೆಗೆ ಅವರು ಊರೂರಿಗೆ ಬೋರ್‌ವೆಲ್ ಕೊರೆಸಿದರು, ಜನ ‘ನೀರ್ ಸಾಬ್’ ಎಂದೇ ಕರೆದರು. ಅಧಿಕಾರವನ್ನು ಜಿಲ್ಲಾ ಪರಿಷತ್ತಿಗೆ, ಮಂಡಲ ಪಂಚಾಯಿತಿಗೆ ಇಳಿಸಿದ ಕಾಯ್ದೆಯೂ ಅವರ ಕಾಲದ್ದೇ. ನೀರು ಮತ್ತು ಅಧಿಕಾರ ಎರಡೂ ಹಳ್ಳಿಗೆ ಹೋಗಬೇಕು ಎಂದು ಅವರು ಒಟ್ಟಿಗೆ ಯೋಚಿಸಿದರು. ಫೈಬರ್ ವಿಷಯದಲ್ಲಿ ಕೇಬಲ್ ಮಾತ್ರ ಹಳ್ಳಿಗೆ ಹೋಯಿತು. ಅಧಿಕಾರ ದೆಹಲಿಯಲ್ಲೂ ಬೆಂಗಳೂರಿನಲ್ಲೂ ಉಳಿಯಿತು.

‘ಈಗ ಎಲ್ಲರ ಕೈಯಲ್ಲೂ 4ಜಿ, 5ಜಿ ಇದೆಯಲ್ಲಪ್ಪ, ಫೈಬರ್ ಯಾಕೆ?’ ಎಂದು ನನ್ನ ಜೊತೆಯವರೇ ಕೇಳುತ್ತಾರೆ. 2016ರಲ್ಲಿ ಡೇಟಾ ಅಗ್ಗವಾದ ಮೇಲೆ ಹಳ್ಳಿ ಬದಲಾಗಿದ್ದು ನಿಜ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಟವರ್‌ನ ವೇಗವನ್ನು ಅದರ ಕೆಳಗಿರುವವರೆಲ್ಲ ಹಂಚಿಕೊಳ್ಳಬೇಕು. ಸಂಜೆ ಏಳಕ್ಕೆ ಊರೆಲ್ಲ ರೀಲ್ಸ್ ಹಾಕಿಕೊಂಡು ಕೂತಾಗ ಆನ್‌ಲೈನ್ ಕ್ಲಾಸಿನ ಹುಡುಗಿಯ ಪರದೆ ಸುತ್ತುತ್ತಲೇ ಇರುತ್ತದೆ. ಅಲ್ಲದೆ ಆ ಟವರ್‌ಗಾದರೂ ಡೇಟಾ ಎಲ್ಲಿಂದ ಬರಬೇಕು? ಹಳ್ಳಿಯ ಬಹಳ ಟವರ್‌ಗಳು ಇನ್ನೊಂದು ಟವರ್‌ನಿಂದ ಮೈಕ್ರೋವೇವ್‌ನಲ್ಲಿ ಪಡೆಯುತ್ತವೆ. ಅದಕ್ಕೆ ಮಿತಿ ಇದೆ. ಒಳ್ಳೆಯ 5ಜಿ ಬೇಕಾದರೂ ಟವರ್ ಬುಡಕ್ಕೆ ಫೈಬರ್ ಹೋಗಬೇಕು. ಮಲೆನಾಡಿನಲ್ಲಂತೂ ಟವರ್ ಇದ್ದರೂ ಗುಡ್ಡ ಅಡ್ಡ. ಕೋವಿಡ್ ಕಾಲದಲ್ಲಿ ಮಕ್ಕಳು ಕೊಡೆ ಹಿಡಿದು ಗುಡ್ಡ ಹತ್ತಿ ಪಾಠ ಕೇಳಿದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದೆವು. ನೆಟ್‌ವರ್ಕ್ ಇಲ್ಲದಿದ್ದರೆ ಮತ ಇಲ್ಲ ಎಂದು ಆ ಕಡೆಯ ಕೆಲವು ಊರುಗಳವರು ಅಭಿಯಾನವನ್ನೇ ಮಾಡಿದರು. ಸ್ಯಾಟಲೈಟ್ ಇಂಟರ್‌ನೆಟ್ ಕಾಡಿನ ನಡುವಿನ ಒಂಟಿ ಮನೆಗಳಿಗೆ ಸರಿ. ಐನೂರು ಮನೆಯ ಊರಿಗೆ ಅದು ಉತ್ತರವಲ್ಲ.

ಸಾಮಾನ್ಯ ಜನಕ್ಕೆ ಇದರ ಪೆಟ್ಟು ಎಲ್ಲಿ ಬೀಳುತ್ತದೆ ಎಂದು ಒಂದು ಉದಾಹರಣೆ ಕೊಡುತ್ತೇನೆ. ಉದ್ಯೋಗ ಖಾತ್ರಿ ಕೆಲಸದಲ್ಲಿ 2023ರ ಜನವರಿಯಿಂದ ಹಾಜರಿಯನ್ನು ಮೊಬೈಲ್ ಆ್ಯಪ್‌ನಲ್ಲೇ ಹಾಕಬೇಕು ಎಂದು ಕಡ್ಡಾಯ ಮಾಡಿದರು. ದಿನಕ್ಕೆ ಎರಡು ಸಲ ಫೋಟೋ. ಕೆರೆ ಹೂಳು ಎತ್ತುವ ಜಾಗದಲ್ಲಿ ಸಿಗ್ನಲ್ ಇಲ್ಲದಿದ್ದರೆ ಫೋಟೋ ಫೋನಿನಲ್ಲೇ ಉಳಿಯುತ್ತದೆ. ಸಿಗ್ನಲ್ ಸಿಗುವ ಕಡೆ ಬಂದು ಕಳಿಸಬೇಕು. ಕಳಿಸಲು ಆಗದಿದ್ದರೆ ಬಿಸಿಲಲ್ಲಿ ಮಣ್ಣು ಹೊತ್ತವರ ಕೂಲಿಗೆ ತಕರಾರು. ಪಂಚಾಯಿತಿಯಲ್ಲಿ, ಶಾಲೆಯಲ್ಲಿ, ಹಾಲಿನ ಡೇರಿಯಲ್ಲಿ ಫೈಬರ್‌ನಿಂದ ವೈಫೈ ನಡೆಯುತ್ತಿದ್ದರೆ ಹಾಜರಿ ಹಾಕುವ ಮೇಟಿಯ ಈ ಪಾಡು ಅರ್ಧ ಕಡಿಮೆಯಾಗುತ್ತಿತ್ತು. ನಾವು ಕಾಗದದ ಹಾಜರಿ ಪುಸ್ತಕವನ್ನು ಕಿತ್ತುಕೊಂಡೆವು. ಅದರ ಜಾಗಕ್ಕೆ ಕೊಟ್ಟ ಆ್ಯಪ್‌ಗೆ ದಾರಿ ಕೊಡಲಿಲ್ಲ.

ನಿಮ್ಮ ಇಲಾಖೆಯ ಒಂದು ಕೆಲಸವನ್ನು ಮನಸಾರೆ ಹೊಗಳಬೇಕು. 2019ರಲ್ಲಿ ಹಳ್ಳಿ ಗ್ರಂಥಾಲಯಗಳನ್ನು ಇಲಾಖೆ ತನ್ನ ಕೈಗೆ ತೆಗೆದುಕೊಂಡ ಮೇಲೆ ಅವುಗಳಿಗೆ ಜೀವ ಬಂತು. ಐದು ಸಾವಿರಕ್ಕೂ ಹೆಚ್ಚು ಗ್ರಂಥಾಲಯಗಳು, ಎಷ್ಟೋ ಕಡೆ ಗೋಡೆಗೆ ಬಣ್ಣ, ಮಕ್ಕಳ ಪುಸ್ತಕ, ಕಂಪ್ಯೂಟರ್. ಈಗ ಅವನ್ನು ‘ಅರಿವು ಕೇಂದ್ರ’ ಅನ್ನುತ್ತೀರಿ. ನಮ್ಮೂರಲ್ಲಿ ಸಂಜೆ ಮಕ್ಕಳು ಜಗಳ ಆಡಿಕೊಂಡು ಅಲ್ಲಿ ಕೂರುತ್ತಾರೆ. ಆ ಕಂಪ್ಯೂಟರುಗಳಿಗೆ ಫೈಬರ್ ತಾಗಿಸಿ. ಎಷ್ಟೋ ಕಡೆ ಗ್ರಂಥಾಲಯ ಇರುವುದು ಪಂಚಾಯಿತಿ ಆಫೀಸಿನ ಆಸುಪಾಸಿನಲ್ಲೇ. ಕೆಲವೇ ಮೀಟರ್ ಕೇಬಲ್‌ನ ಮಾತು.

ಮನೆ ಮನೆಗೆ ಕೊಡುವ ವಿಷಯಕ್ಕೆ ಬಂದರೆ, ಅದನ್ನು ಸರ್ಕಾರವೇ ಮಾಡಬೇಕಾಗಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಊರಿನ ಕೇಬಲ್ ಟಿವಿ ಆಪರೇಟರ್‌ಗೆ ಬಿಡಿ. ಯಾವ ಕಂಬದಿಂದ ಯಾವ ಮನೆಗೆ ವೈರ್ ಎಳೆಯಬೇಕು, ಯಾರು ಸಂತೆ ದಿನ ದುಡ್ಡು ಕೊಡುತ್ತಾರೆ, ಯಾರು ಹಾಲಿನ ಬಟವಾಡೆ ಆದ ಮೇಲೆ ಕೊಡುತ್ತಾರೆ ಎಂದು ಅವನಿಗೆ ಗೊತ್ತು. ಕೇಂದ್ರದ ಯೋಜನೆಯಲ್ಲೂ ಊರಿನ ಉದ್ಯಮಿಗೆ ಆದಾಯದಲ್ಲಿ ಪಾಲು ಕೊಟ್ಟು ಮನೆಗಳಿಗೆ ಸಂಪರ್ಕ ಕೊಡಿಸುವ ದಾರಿ ಇದೆ. ಆದರೆ ಅವನ ಹಿಂದಿನ ಲೈನು ವಾರಗಟ್ಟಲೆ ಸತ್ತರೆ ಬೈಗುಳ ತಿನ್ನುವವನು ಅವನೇ. ಮೂರನೇ ತಿಂಗಳಿಗೆ ಸಹವಾಸ ಬೇಡ ಎಂದು ಕೈಬಿಡುತ್ತಾನೆ. ಬಿಟ್ಟವರನ್ನು ನಾನು ಬಲ್ಲೆ.

ಪಾವಗಡ ಮೂರು ಕಡೆ ಆಂಧ್ರದಿಂದ ಸುತ್ತುವರಿದ ತಾಲೂಕು. ನಮ್ಮ ಹೆಣ್ಣುಮಕ್ಕಳನ್ನು ಆ ಕಡೆಗೂ ಕೊಡುತ್ತೇವೆ, ಅಲ್ಲಿಂದ ತರುತ್ತೇವೆ. ಆಂಧ್ರದವರು ಭೂಮಿ ಅಗೆಯುವ ಗೋಜಿಗೇ ಹೆಚ್ಚು ಹೋಗಲಿಲ್ಲ. ಕರೆಂಟ್ ಕಂಬದ ಮೇಲೆಯೇ ಫೈಬರ್ ಎಳೆದು, 2017ರ ಕೊನೆಗೆ ತಿಂಗಳಿಗೆ 149 ರೂಪಾಯಿಗೆ ಟಿವಿ, ಫೋನು, ಇಂಟರ್‌ನೆಟ್ ಮೂರನ್ನೂ ಕೊಡುವ ಫೈಬರ್‌ನೆಟ್ ಶುರುಮಾಡಿದರು. ಮುಂದೆ ಆ ಯೋಜನೆಯ ಲೆಕ್ಕಪತ್ರದ ಮೇಲೆ ಕೇಸು, ರಾಜಕೀಯ ಜಗಳ ಎಲ್ಲ ಆಯಿತು. ಅದರ ಒಳಗೆ ನಾನು ಹೋಗುವುದಿಲ್ಲ. ಕೇರಳ ಕೂಡ 2023ರ ಜೂನ್‌ನಲ್ಲಿ ಕೆ-ಫೋನ್ ಉದ್ಘಾಟಿಸಿತು, ಅದರಲ್ಲಿ ರಾಜ್ಯದ ವಿದ್ಯುತ್ ಮಂಡಳಿಯೇ ಪಾಲುದಾರ. 20 ಲಕ್ಷ ಬಡ ಕುಟುಂಬಗಳಿಗೆ ಉಚಿತವಾಗಿ ಕೊಡುವುದಾಗಿ ಹೇಳಿದ ಮಾತಿನ ಹತ್ತಿರಕ್ಕೂ ಇನ್ನೂ ಹೋಗಿಲ್ಲ ಎಂಬ ಟೀಕೆ ಅಲ್ಲಿದೆ. ಇಬ್ಬರದೂ ಪೂರ್ತಿ ಗೆಲುವಲ್ಲ. ಆದರೆ ಇಬ್ಬರೂ ಕಂಬವನ್ನು ಬಳಸಿದರು. ನಮ್ಮಲ್ಲಿ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ, ಮೈಸೂರಿನ ಸೆಸ್ಕ್ ಎಂದು ಐದು ಕಂಪನಿಗಳ ಕಂಬಗಳು ಊರೂರಲ್ಲಿವೆ. ಬಂಡೆ ಇರುವ ಕಡೆ ಕಂಬದ ಮೇಲೆ ಹೋಗಿ, ಮರ ಬೀಳುವ ಕಡೆ ನೆಲದಲ್ಲಿ ಹೋಗಿ. ಪಾವಗಡಕ್ಕೂ ತೀರ್ಥಹಳ್ಳಿಗೂ ಒಂದೇ ಟೆಂಡರ್, ಒಂದೇ ನಕ್ಷೆ ಮಾಡಿದರೆ ಎರಡೂ ಕಡೆ ಕೆಡುತ್ತದೆ.

ಕಂಬ ಎಂದಾಗ ಬೆಂಗಳೂರು ನೆನಪಾಗದೆ ಇರುತ್ತದೆಯೇ. ಇಲ್ಲಿ ಒಂದೊಂದು ಕಂಬಕ್ಕೂ ಮರಕ್ಕೂ ಸುರುಳಿ ಸುರುಳಿ ಫೈಬರ್ ನೇತಾಡುತ್ತಿದೆ. ಫುಟ್‌ಪಾತ್‌ನಲ್ಲಿ ನಡೆಯುವವರ ಕತ್ತಿಗೆ ಸಿಕ್ಕುತ್ತದೆ. ಪಾಲಿಕೆಯವರು, ಬೆಸ್ಕಾಂನವರು ಆಗಾಗ ಬಂದು ಕತ್ತರಿಸುತ್ತಾರೆ. ಕತ್ತರಿಸಿದ ಸಂಜೆಯೇ ನಮ್ಮಂಥವರು ಹೋಗಿ ಮತ್ತೆ ಬೆಸೆಯುತ್ತೇವೆ. ಯಾಕೆಂದರೆ ಒಂದು ಗಂಟೆ ತಡವಾದರೆ ಅಪಾರ್ಟ್‌ಮೆಂಟಿನವರು ಬೇರೆ ಕಂಪನಿಗೆ ಹೋಗುತ್ತಾರೆ, ಅವರಿಗೆ ಮೂರು ನಾಲ್ಕು ಕಂಪನಿಗಳು ಕಾದು ನಿಂತಿವೆ. ಹಳ್ಳಿಯವನಿಗೆ ಹೋಗಲು ಇನ್ನೊಂದು ಬಾಗಿಲಿಲ್ಲ. ಅದಕ್ಕೇ ಅಲ್ಲಿ ಕಾನೂನಿನ ಒತ್ತಡ ಬೇಕು. ಪಾವಗಡದ ತಿರುಮಣಿಯ ಸೋಲಾರ್ ಪಾರ್ಕ್ 2,050 ಮೆಗಾವ್ಯಾಟ್‌ನದು, ನಮ್ಮವರು ಸುಮಾರು 13 ಸಾವಿರ ಎಕರೆ ಗುತ್ತಿಗೆಗೆ ಕೊಟ್ಟಿದ್ದಾರೆ. ನಮ್ಮ ಬಿಸಿಲು ತಂತಿ ಹಿಡಿದು ಹೊರಗೆ ಸಲೀಸಾಗಿ ಹೋಗುತ್ತದೆ. ಇಲ್ಲಿಂದ ಅಲ್ಲಿಗೆ ಗಾಜಿನೊಳಗೆ ಬೆಳಕು ಹೋಗಲು ಮಾತ್ರ ಇಷ್ಟು ಅಡ್ಡಿ.

ಕಾನೂನು ಹೊಸದಾಗಿ ಹುಡುಕಬೇಕಾಗಿಲ್ಲ. 2011ರ ಸಕಾಲ ಕಾಯ್ದೆ ನಮ್ಮದೇ. ಜಾತಿ ಪ್ರಮಾಣಪತ್ರ, ಖಾತೆ ಇಂತಿಷ್ಟು ದಿನದಲ್ಲಿ ಕೊಡದಿದ್ದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಅರ್ಜಿದಾರರಿಗೆ ಪರಿಹಾರ ಕೊಡಬೇಕು, ಅದು ಅಧಿಕಾರಿಯ ಜೇಬಿಗೆ ತಾಗುತ್ತದೆ. ಪಂಚಾಯಿತಿಯ ಫೈಬರ್ ರಿಪೇರಿಯನ್ನೂ ಅದೇ ಚೌಕಟ್ಟಿಗೆ ತನ್ನಿ. ಇಲ್ಲಿ ಅರ್ಜಿದಾರ ಪಂಚಾಯಿತಿ. ಕೇಬಲ್ ತುಂಡಾದರೆ 48 ಗಂಟೆ ಅವಕಾಶ ಕೊಡಿ, ಮಳೆಗಾಲದಲ್ಲಿ ಮಲೆನಾಡಿಗೆ ಇನ್ನಷ್ಟು ಕೊಡಿ. ಆಮೇಲಿನ ಪ್ರತಿ ದಿನಕ್ಕೂ ನಿರ್ವಹಣೆ ಹೊತ್ತವರ ಬಿಲ್ಲಿನಲ್ಲಿ ಕಡಿತವಾಗಿ ಆ ಹಣ ಪಂಚಾಯಿತಿಗೆ ಬರಲಿ. ಕೇಂದ್ರದ ಗುತ್ತಿಗೆಯಲ್ಲಿ ನೇರವಾಗಿ ಕೈಹಾಕಲು ನಿಮಗೆ ಆಗದಿರಬಹುದು. ಆದರೆ ರಸ್ತೆ, ಕಂಬ, ಕಟ್ಟಡ ಕೊಡುವವರು ನೀವು. ಷರತ್ತು ಹಾಕುವ ಬಲ ನಿಮಗಿದೆ.

ಹೊಸ ಗುತ್ತಿಗೆಗಳಲ್ಲಿ ಹತ್ತು ವರ್ಷದ ನಿರ್ವಹಣೆಯೂ ಸೇರಿದೆಯಲ್ಲ, ಇನ್ನೇನು ಬೇಕು ಎನ್ನಬಹುದು. ಅದನ್ನು ನಾನೂ ಓದಿದ್ದೇನೆ. ಕಾಗದದ ಮೇಲೆ ಅದು ಹಿಂದಿನದಕ್ಕಿಂತ ಬಹಳ ಒಳ್ಳೆಯದು. ಆದರೆ ಕೇಬಲ್ ನಡೆಯುತ್ತಿದೆ ಎಂದು ಹೇಳುವವರು ಯಾರು? ಕಂಪನಿಯ ಕಂಟ್ರೋಲ್ ರೂಮಿನ ಪರದೆ ಹಸಿರು ತೋರಿಸಿ, ಪಂಚಾಯಿತಿಯ ಕಂಪ್ಯೂಟರ್‌ಗೆ ನೆಟ್ ಬಾರದೆ ಇರುವುದನ್ನು ನಾವು ಕೆಲಸದಲ್ಲಿ ಎಷ್ಟೋ ಸಲ ಕಂಡಿದ್ದೇವೆ. ಪೆಟ್ಟಿಗೆ ಜೀವಂತ, ಅದರಾಚೆಯ ಎರಡು ಮೀಟರ್ ವೈರ್ ಸತ್ತಿರುತ್ತದೆ. ಅಳತೆ ಬಳಸುವವರ ಕಡೆಯಿಂದ ಆಗಬೇಕು. ಪ್ರತಿ ಪಂಚಾಯಿತಿಯ ಕಂಪ್ಯೂಟರ್‌ನಲ್ಲಿ ಗಂಟೆಗೊಮ್ಮೆ ತಾನೇ ಪರೀಕ್ಷೆ ಮಾಡಿ ಬರೆದಿಡುವ ಒಂದು ಚಿಕ್ಕ ಪ್ರೋಗ್ರಾಂ ಸಾಕು, ನಿಮ್ಮ ಐಟಿ ಇಲಾಖೆಯ ಹುಡುಗರು ಒಂದು ವಾರದಲ್ಲಿ ಬರೆದುಕೊಡುತ್ತಾರೆ. ಆ ಪಟ್ಟಿಯನ್ನು ಗ್ರಾಮ ಸಭೆಯಲ್ಲಿ ಓದಿಸಿ. ಉದ್ಯೋಗ ಖಾತ್ರಿಗೆ ಸಾಮಾಜಿಕ ಪರಿಶೋಧನೆ ಇರುವ ಹಾಗೆ ಇದಕ್ಕೂ ಇರಲಿ. ಈ ತಿಂಗಳು ನಮ್ಮ ಪಂಚಾಯಿತಿಯಲ್ಲಿ ಫೈಬರ್ ಎಷ್ಟು ಗಂಟೆ ಇತ್ತು, ಎಷ್ಟು ಸಲ ಹೋಯಿತು, ಯಾರು ಬಂದು ಸರಿಮಾಡಿದರು, ಎಷ್ಟು ದಿನ ಹಿಡಿಯಿತು. ನಾಲ್ಕು ಸಾಲು.

ರಾಜ್ಯದ ಸುಮಾರು ಆರು ಸಾವಿರ ಪಂಚಾಯಿತಿಗಳಲ್ಲಿ ಒಂದೇ ಸಲ ಮಾಡಿ ಎಂದು ಹಟ ಹಿಡಿಯುವುದಿಲ್ಲ. ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ ನಾಲ್ಕು ಕಂದಾಯ ವಿಭಾಗಗಳಲ್ಲಿ ಒಂದೊಂದು ತಾಲೂಕು ಆರಿಸಿಕೊಳ್ಳಿ. ಹೋಬಳಿ ತಂಡ ಕೊಡಿ, ಅಗೆತದ ಸುತ್ತೋಲೆ ಹೊರಡಿಸಿ, ಗಂಟೆ ಲೆಕ್ಕ ಬರೆಯಿಸಿ. ಒಂದು ಮಳೆಗಾಲ, ಒಂದು ಬೇಸಿಗೆ ನೋಡಿ. ಬೆಂಗಳೂರು ವಿಭಾಗದಲ್ಲಿ ಪಾವಗಡವನ್ನೇ ಆರಿಸಿ ಎಂದು ಕೇಳುವ ಆಸೆ ಇದೆ, ಆದರೆ ಕೇಳುವುದಿಲ್ಲ. ನಮ್ಮದು ಒಣ ನೆಲ, ಇಲ್ಲಿ ಗೆದ್ದರೆ ‘ಮಳೆ ಇಲ್ಲದ ಕಡೆ ಮಾಡಿ ತೋರಿಸಿದರು’ ಎಂದು ಯಾರಾದರೂ ಅಂದಾರು. ಶಿವಮೊಗ್ಗವೂ ಬೆಂಗಳೂರು ವಿಭಾಗಕ್ಕೇ ಸೇರುತ್ತದೆ. ಅಲ್ಲಿನ ಮಳೆ ಸುರಿಯುವ ಹೊಸನಗರ ತೆಗೆದುಕೊಳ್ಳಿ, ಜೂನ್‌ನಲ್ಲಿ ಶುರುಮಾಡಿ.

ತಂಡಕ್ಕೆ ಬೆಸುಗೆ ಕಲಿಸಲು ಜನ ಬೇಕಾದರೆ ಪೀಣ್ಯದಲ್ಲಿ ನಮ್ಮಂಥವರು ಬಹಳ ಜನ ಇದ್ದೇವೆ. ಭಾನುವಾರಗಳಲ್ಲಿ ಬರುತ್ತೇವೆ. ಬಸ್ ಚಾರ್ಜು, ಊಟ ಕೊಟ್ಟರೆ ಸಾಕು.

ಇಂತಿ ನಿಮ್ಮ ವಿಶ್ವಾಸಿ,
ಪಾವಗಡ ಕಡೆಯ ಒಬ್ಬ ಫೈಬರ್ ಕೆಲಸಗಾರ,
ಪೀಣ್ಯ, ಬೆಂಗಳೂರು.